ಅಡಿಯಲ್ಲಿ ಐದು ಹುಣಸೆಬೀಜ

ಬುಟ್ಟಿ ಅಲ್ಲ ಕಣೇ ಶಾಂತು. ಬುಟ್ಟಿ ಅಂದ್ರೆ ಬಿದಿರಿಂದು. ಮಂಕರಿನೂ ಅಲ್ಲ, ಮಂಕರೀಲಿ ಗೊಬ್ಬರ ಹೊರ್ತಾರೆ. ಇದಕ್ಕೆ ಅಂತ ಒಂದು ಹೆಸರಿತ್ತು... ಗೂ... ಗೂಡೆ? ಅಲ್ಲ, ಅಲ್ಲ. ನಾಲಿಗೆ ತುದೀಲೇ ಇದೆ, ಈಚೆಗೆ ಬರ್ತಿಲ್ಲ. ಈ ನಾಗಪುರದಲ್ಲಿ ಕೂತು ಟೋಪ್ಲಿ ಟೋಪ್ಲಿ ಅಂದೂ ಅಂದೂ ನಮ್ಮ ನುಗ್ಗೇಹಳ್ಳಿ ಮಾತೆಲ್ಲ ಸವೆದುಹೋಯ್ತು. ಸದ್ಯಕ್ಕೆ ಕಾಗದದ ಬಟ್ಟಲು ಅಂತ ಬರ್ಕೋ. ಹೆಸರು ಸಿಕ್ಕಿದಾಗ ತಿದ್ದಿದ್ರಾಯ್ತು.

ಅದನ್ನ ಕೆಳಗಿಡು. ಟ್ರಂಕಿನಿಂದ ಹಳೇ ಪೇಪರ್ ತೆಗಿ ಅಂದ್ರೆ ಅದನ್ನ ಯಾಕೆ ತೆಗೆದೆ? ಅದಾ? ಆ ಬಟ್ಟಲು ಮನೆಗೆ ಅಂತ ಮಾಡ್ಕೊಂಡಿದ್ದು. ಉಳಿದಬಳಿದ ಕಾಗದದ ಹಿಟ್ಟಲ್ಲಿ. ನಮೂನೆಗೆ ಬೇಕಾದ್ರೆ ದೂರದಿಂದ ನೋಡು.

ಹೂಂ, ಏನು ಹೇಳ್ತಿದ್ದೆ? ಈ ಸಂಕ್ರಾಂತಿಗೆ ನಿನ್ನ ಆಫೀಸಿನ ಗೆಳತೀರಿಗೆ, ಜೊತೆ ಕೆಲಸ ಮಾಡೋರಿಗೆ ಇಂಥದ್ದೇ ಮಾಡಿ ಕೊಡಬೇಕು ಅಂತೀಯ. ಒಳ್ಳೇದು. ಇಲ್ಲಿಯೋರು ವಾಣ ಅಂತ ಪ್ಲಾಸ್ಟಿಕ್ ಡಬ್ಬಿ ಕೊಡ್ತಾರಲ್ಲ, ಈ ಮನೆಯಿಂದ ಆ ಮನೆಗೆ ಹೋಗಿ, ಆ ಮನೆಯಿಂದ ಇನ್ನೊಂದಕ್ಕೆ ಹೋಗಿ, ಮಾರನೇ ವರ್ಷ ಕೊಟ್ಟೋರ ಮನೆಗೇ ತಿರುಗಿ ಬರುತ್ತಲ್ಲ, ಅದಕ್ಕಿಂತ ವಾಸಿ. ಬರ್ಕೋ.

ಮೊದಲು ಕಾಗದ ಹರೀಬೇಕು. ಕತ್ತರಿ ಬೇಡ, ಕೈಯಲ್ಲೇ. ಬಾನೀಲಿ ನೀರು ಹಾಕಿ ನೆನೆಸು. ನಿಮ್ಮಮ್ಮ ವಾಸನೆ ವಾಸನೆ ಅಂತ ಕೂಗಾಡೋ ಹೊತ್ತಿಗೆ ಹದ ಬಂತು ಅಂತ ತಿಳ್ಕೋ. ಯಾಕೆ ನಗ್ತೀಯ? ನಮ್ಮತ್ತೇನೂ ಹಾಗೇ ಕೂಗಾಡ್ತಿದ್ರು. ಆಮೇಲೆ ನೆನೆಸಿದ ಮೆಂತ್ಯ ಸೇರಿಸಿ ಒರಳಲ್ಲಿ ಕುಟ್ಟಬೇಕು. ಮೆಂತ್ಯವೇ ಅಂಟು, ಮೆಂತ್ಯದ ಕಹಿಗೆ ಹುಳಾನೂ ಬರಲ್ಲ. ಏನು, ಮಿಕ್ಸೀಲಿ ಹಾಕ್ತೀಯಾ? ಹಾಕು. ಕೆಟ್ಟುಹೋದ್ರೆ ನನ್ನ ಹೆಸರು ಹೇಳ್ಬೇಡ. ನಮಗೆ ಮಿಕ್ಸಿ ಅಂದ್ರೆ ಬೆಟ್ಟಮ್ಮ. ನಿಮ್ಮ ತಾತನ ಕಚೇರಿ ಜವಾನ ಚೆನ್ನಯ್ಯನ ಹೆಂಡತಿ. ಅಮಲ್ದಾರ್ರ, ಅಂದ್ರೆ ಈಗಿನ ತಹಶೀಲ್ದಾರ್ರ, ಮನೆ ಕೆಲಸ ಮುಗಿಸ್ಕೊಂಡು ನಮ್ಮ ಹಿತ್ತಲಿಗೆ ಬರೋಳು. ಒಂದು ಒನಕೆ ಅವಳು, ಒಂದು ಒನಕೆ ನಾನು. ಅವಳ ಏಟು ತಪ್ಪುತ್ತಿರಲಿಲ್ಲ, ಬಾಯೂ ನಿಲ್ಲುತ್ತಿರಲಿಲ್ಲ. ‘ಅಮ್ಮಾರೆ, ಸರ್ಕಾರ್‌ದ ಕಾಗ್ದ ಬೋ ಗಟ್ಟಿ ಕಣಿ, ಎಷ್ಟ್ ಕುಟ್ಟಿದ್ರೂ ಕರಗಾಕಿಲ್ಲ’ ಅನ್ನೋಳು.

ಸರ್ಕಾರದ ಕಾಗದ ಹೇಗೆ ಬಂತು ಅಂದ್ರೆ... ನಿಮ್ಮ ತಾತ ತಾಲ್ಲೂಕು ಕಚೇರೀಲಿ ಗುಮಾಸ್ತರು. ಯಾವ ತಾಲ್ಲೂಕು ಅಂತ ಕೇಳ್ಬೇಡ. ಹಾಸನ, ಹೊಳೆನರಸೀಪುರ, ಅರಕಲಗೂಡು, ಮೂರರಲ್ಲಿ ನಿನಗೆ ಬೇಕಾದ್ದು ಇಟ್ಕೋ. ಆ ಅಮಲ್ದಾರ್ರ ಮೊಮ್ಮಗ ನಾಳೆ ನಿನ್ನ ಆಫೀಸಿಗೇ ಮ್ಯಾನೇಜರಾಗಿ ಬಂದ್ರೆ ಕಷ್ಟ. ಯುದ್ಧದ ಕಾಲ ಅದು. ಸಕ್ಕರೆಗೆ ರೇಷನ್ನು, ಸೀಮೆಎಣ್ಣೆಗೆ ರೇಷನ್ನು. ಹಿತ್ತಾಳೆ ಬಟ್ಟಲು ಕೇಳಿದ್ರೆ ಅಂಗಡಿಯವನು, ಹಿತ್ತಾಳೆ ಎಲ್ಲ ಗುಂಡಾಗಿ ಬರ್ಮಾಕ್ಕೆ ಹೋಯ್ತು ತಾಯಿ ಅನ್ನೋನು. ಕಾಗದಕ್ಕೂ ಬರ, ಬಂದ ಲಕೋಟೇನ ಒಳಹೊರಗು ಮಾಡಿ ಮತ್ತೆ ಕಳಿಸೋರು. ಅಂಥದ್ರಲ್ಲಿ ಗೆದ್ದಲು ಹಿಡಿದ ಹಳೇ ಕಡತ ಸುಟ್ಟುಹಾಕಿ ಅಂತ ಹುಕುಂ ಬಂತು. ನಿಮ್ಮ ತಾತ ಅದನ್ನ ಕೇಳಿಕೊಂಡು ಮನೆಗೆ ಹೊರಿಸ್ಕೊಂಡು ಬಂದ್ರು. ನಾನು ಓದ್ಕೊಂಡು ಹರೀತಿದ್ದೆ. ಯಾರೋ ಒಬ್ಬ ರೈತ ಬಾವಿ ತೋಡೋಕೆ ಅಪ್ಪಣೆ ಕೇಳಿದ್ದ. ಅವನು ಕೇಳಿ, ಅವನ ಮಗ ಕೇಳಿ, ಮೊಮ್ಮಗನೂ ಕೇಳಿದ್ದ. ಮೂರು ತಲೆಮಾರಿನ ಅರ್ಜೀನೂ ಒಂದೇ ಬಾನೀಲಿ ಮುಳುಗಿಸಿದೆ. ಅಂತೂ ಅವರಿಗೆ ನೀರು ಸಿಕ್ತು.

ನಗು, ನಗು. ಬರೀತಾ ನಗು.

ಈಗ ಮುಖ್ಯವಾದ್ದು. ಅಳತೆ. ಪಾತ್ರೆ ಬೋರಲು ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಈ ಹಿಟ್ಟು ತಟ್ಟಬೇಕು. ಯಾವ ಪಾತ್ರೆ ಅನ್ನೋದು ಅವರವರ ಗಂಡನ ಹುದ್ದೆ ನೋಡ್ಕೊಂಡು. ತಮಾಷೆ ಅಲ್ಲ ಕಣೇ. ಸಂಕ್ರಾಂತಿ ದಿನ ಕಚೇರಿ ಹೆಂಗಸರೆಲ್ಲ ಎಳ್ಳು ಬೀರೋಕೆ ಅಮಲ್ದಾರ್ರ ಮನೇಲಿ ಸೇರೋದು ಪದ್ಧತಿ. ಅಮಲ್ದಾರ್ರ ಹೆಂಡತಿ ಅನಸೂಯಮ್ಮ ಕುರ್ಚಿ ಮೇಲೆ. ಶಿರಸ್ತೇದಾರ್ರ ಹೆಂಡತಿ ಜಮಖಾನದ ಮೇಲೆ. ಶೇಕ್‌ದಾರ್ರ ಹೆಂಡತಿ ಜಮಖಾನದ ಅಂಚಿನ ಮೇಲೆ. ನಾವು ಗುಮಾಸ್ತರ ಹೆಂಡತೀರು ಚಾಪೆ ಮೇಲೆ. ಬೆಟ್ಟಮ್ಮ ಹಿತ್ತಲ ಬಾಗಿಲಲ್ಲಿ, ನಿಂತ್ಕೊಂಡು. ಕುಂಕುಮದ ಬೊಟ್ಟೂ ಕುರ್ಚಿಯಿಂದ ಬಾಗಿಲ ಕಡೆಗೆ ಬರ್ತಾ ಬರ್ತಾ ಚಿಕ್ಕದಾಗೋದು. ಹಾಗಿರೋವಾಗ ಬಟ್ಟಲು ಹೇಗೆ ಒಂದೇ ಆಗುತ್ತೆ? ಅಮಲ್ದಾರ್ರ ಮನೆಗೆ ದೊಡ್ಡ ಕೊಡದ ಅಡಿ. ಶಿರಸ್ತೇದಾರ್ರಿಗೆ ಬಿಂದಿಗೆ. ಶೇಕ್‌ದಾರ್ರಿಗೆ ತಪ್ಪಲೆ. ಗುಮಾಸ್ತರಿಗೆ ಚೊಂಬು. ಜವಾನನ ಹೆಂಡತಿಗೆ ಲೋಟದ ಅಡಿ.

ಆ ವರ್ಷ ಇನ್ನೊಂದು ಪೇಚಾಟ. ಶಿರಸ್ತೇದಾರ್ರು ರಜಾ ಹೋದ್ರು ಅಂತ ಶೇಕ್‌ದಾರ್ರಿಗೆ ಇನ್‌ಚಾರ್ಜ್ ಸಿಕ್ತು. ಅವತ್ತೇ ಸಂಜೆ ಅವರ ಹೆಂಡತಿ ಹೇಳಿಕಳಿಸಿದ್ರು, ನಮ್ಮ ಬಟ್ಟಲು ಇನ್ನೂ ಒಣಗಿಲ್ಲ ತಾನೇ ಅಂತ. ಏನು ಮಾಡೋದು, ತಪ್ಪಲೆ ಮೇಲಿದ್ದಿದ್ದನ್ನ ಕಿತ್ತು ಬಿಂದಿಗೆ ಮೇಲೆ ತಟ್ಟಿದೆ. ರಜಾ ಹೋಗಿದ್ದೋರು ಮೊದಲೇ ವಾಪಸ್ ಬಂದುಬಿಟ್ರು. ಮತ್ತೆ ಕಿತ್ತೆ.

ಬರ್ಕೊಂಡೆಯಾ? ನಿನ್ನ ಮ್ಯಾನೇಜರ್ ಹೆಂಡತಿಗೆ ಮನೇಲಿರೋ ದೊಡ್ಡ ಕುಕ್ಕರ್ರು.

ಆಮೇಲೆ ಗುರುತು. ಒಣಗಿ, ಕೆಮ್ಮಣ್ಣು ಅರಿಸಿನ ಎಲ್ಲ ಬಳಿದು ಸಾಲಾಗಿ ಇಟ್ರೆ ಬಿಂದಿಗೇದು ಯಾವುದು ತಪ್ಪಲೇದು ಯಾವುದು ಅಂತ ಗಾಬರಿ ಆಗುತ್ತೆ. ಅದಕ್ಕೆ ಹಿಟ್ಟು ಹಸಿ ಇರೋವಾಗಲೇ ಅಡಿಯಲ್ಲಿ ಹುಣಸೆಬೀಜ ಒತ್ತಬೇಕು. ಅಮಲ್ದಾರ್ರಿಗೆ ಐದು, ಹಾಗೇ ಇಳೀತಾ ಬಂದು ಬೆಟ್ಟಮ್ಮನಿಗೆ ಒಂದು. ಕೈಯಲ್ಲಿ ಹಿಡಿದ್ರೆ ಬೆರಳಿಗೇ ಗೊತ್ತಾಗುತ್ತೆ, ನೋಡೋದೂ ಬೇಡ. ಹೀಗೆ ಬರಿ: ಬೀಜ ಒತ್ತಿದ್ರೆ ಯಾವತ್ತೂ ಅದಲುಬದಲಾಗಲ್ಲ.

ಹೇಳ್ತೀನಿ ಇರು, ಕೊಟ್ಟಿದ್ದನ್ನೂ ಹೇಳ್ತೀನಿ. ಇಷ್ಟೆಲ್ಲ ಯಾಕೆ ಮಾಡಿದ್ದು ಅಂದ್ರೆ ಚನ್ನರಾಯಪಟ್ಟಣಕ್ಕೆ ವರ್ಗ ಬೇಕಿತ್ತು. ಅಲ್ಲಿಂದ ಬೆಳಿಗ್ಗೆ ಗಾಡಿ ಕಟ್ಟಿದ್ರೆ ಮಧ್ಯಾಹ್ನದ ಮುದ್ದೆಗೆ ನುಗ್ಗೇಹಳ್ಳಿ, ನಮ್ಮವ್ವನ ಮನೆ. ಮದುವೆಯಾದಾಗಿನಿಂದ ನನಗೆ ಅದೊಂದೇ ಆಸೆ. ಅಮಲ್ದಾರ್ರು ಜಿಲ್ಲಾ ಕಚೇರಿಗೆ ಒಂದು ಮಾತು ಬರೆದ್ರೆ ಸಾಕು. ಅಮಲ್ದಾರ್ರು ಸರ್ಕಾರ ಹೇಳಿದ ಹಾಗೆ ಕೇಳೋರು. ಅವರ ಮನೇಲಿ ಸರ್ಕಾರ ಅಂದ್ರೆ ಅನಸೂಯಮ್ಮ. ‘ಬಟ್ಟಲು ಚೆನ್ನಾಗಿರಲಿ, ಮಿಕ್ಕಿದ್ದು ಆಗುತ್ತೆ’ ಅಂತ ನಿಮ್ಮ ತಾತ ನನಗೆ ಹೇಳಿದ್ರು.

ಚೆನ್ನಾಗೇ ಇತ್ತು. ಅನಸೂಯಮ್ಮನಿಗೆ ತುಂಬಾ ಹಿಡಿಸ್ತು. ಎಷ್ಟು ಅಂದ್ರೆ ಗಾಜಿನ ಬೀರುವಿನಲ್ಲಿ ಇಟ್ರು. ಆಮೇಲೆ ಬೆಂಗಳೂರಿಗೆ ಹೋಗೋವಾಗ ಜೊತೇಲೇ ತಗೊಂಡು ಹೋದ್ರಂತೆ. ನಮಗೂ ವರ್ಗ ಆಯ್ತು.

ಎಲ್ಲಿಗಾ? ಪಾವಗಡಕ್ಕೆ.

ಯಾಕೆ ಹಾಗೆ ನೋಡ್ತೀಯ? ಪಾವಗಡ ಒಳ್ಳೆ ಊರು. ದೂರ ಅಷ್ಟೆ. ಅಲ್ಲಿಂದ ಇನ್ನೊಂದು ಕಡೆ, ಅಲ್ಲಿಂದ ನಿಮ್ಮಪ್ಪನ ರೈಲ್ವೆ ಕೆಲಸ, ಈ ನಾಗಪುರ. ಹಾಗೇ ದೂರ ದೂರ... ಬರ್ಕೋ, ಒಣಗಿಸೋದು ಮೊದಲು ನೆರಳಲ್ಲಿ, ಆಮೇಲೆ... ಶಾಂತು, ಅದನ್ನ ಯಾಕೆ ಮತ್ತೆ ಎತ್ಕೊಂಡೆ? ಕೆಳಗಿಡು ಅಂದೆನಲ್ಲ. ಅಡಿಯಲ್ಲಿ ಏನಿದೆ ನೋಡೋಕೆ?

ಎಣಿಸಬೇಡ.

ಎಣಿಸಿಬಿಟ್ಟೆಯಾ.

ಸರಿ. ಐದು. ಅದು ಮನೆಗೆ ಮಾಡ್ಕೊಂಡಿದ್ದಲ್ಲ. ಅನಸೂಯಮ್ಮ ಬೆಂಗಳೂರಿಗೆ ತಗೊಂಡೂ ಹೋಗಲಿಲ್ಲ. ಏನಾಯ್ತು ಅಂದ್ರೆ... ಅದಲುಬದಲಾಯ್ತು ಕಣೇ. ಹಬ್ಬದ ಗಡಿಬಿಡಿ, ಹೆಂಗಸರ ಗಲಾಟೆ. ಐದು ಬೀಜದ್ದು ಹೋಗಿ ಬೆಟ್ಟಮ್ಮನ ಕೈಗೆ ಬಿತ್ತು. ಎಂಥವರಿಗೂ ಆಗೋ ಎಡವಟ್ಟು. ನಿಮ್ಮ ತಾತ ಕೊನೇವರೆಗೂ ಅದನ್ನೇ ಹೇಳ್ತಿದ್ರು, ನಮ್ಮ ಮನೇಯೋಳ ಒಂದು ಗಡಿಬಿಡೀಲಿ ನನಗೆ ಪಾವಗಡದ ಯೋಗ ಬಂತು ಅಂತ. ಪಾಪ, ನಗ್ತಾನೇ ಹೇಳ್ತಿದ್ರು.

ಏನು?

ಯಾಕೆ ಬರೆಯೋದು ನಿಲ್ಲಿಸಿದೆ? ಆ ಹಾಳೇಲಿ ಬರೆಸಿದ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡ್ತಿದ್ದೀಯಲ್ಲ.

ಓದೋದೇನೂ ಬೇಡ. ನನಗೆ ನೆನಪಿದೆ. ಬೀಜ ಒತ್ತಿದ್ರೆ ಯಾವತ್ತೂ ಅದಲುಬದಲಾಗಲ್ಲ. ನಾನೇ ಹೇಳಿ ಬರೆಸಿದ್ದು.

ನಿಮ್ಮ ತಾತನಿಗೆ ಅಡಿ ತಿರುಗಿಸಿ ನೋಡಬೇಕು ಅಂತ ಹೊಳೀಲೇ ಇಲ್ಲ ನೋಡು.

ಅದರ ಹಿಂದಿನ ವರ್ಷದ ಸಂಕ್ರಾಂತಿ, ಅದೇ ಅಮಲ್ದಾರ್ರ ಮನೆ. ನಾನು ಎಲ್ಲರಿಗೂ ಒಂದೊಂದು ದೊನ್ನೇಲಿ ಎಳ್ಳು ಹಾಕಿ ಕೊಡ್ತಿದ್ದೆ. ಬೆಟ್ಟಮ್ಮನಿಗೂ ದೊನ್ನೆ ಎತ್ಕೊಂಡೆ. ಅನಸೂಯಮ್ಮ ಕುರ್ಚಿಯಿಂದಲೇ ಹೇಳಿದ್ರು. ‘ಅವಳಿಗ್ಯಾಕೆ ಅದು, ಸೆರಗಿಲ್ವೇ?’ ಬೆಟ್ಟಮ್ಮ ನಗ್ತಾ ಸೆರಗು ಹಿಡಿದಳು. ನಾನೂ ನಗ್ತಾ ಹಾಕಿದೆ. ಎಲ್ಲರೂ ನಗ್ತಿದ್ರು. ಅಷ್ಟೆ.

ಬಟ್ಟಲು ಮಾಡಿದ ವರ್ಷ ಅವಳು ನನ್ನ ಸಮಕ್ಕೆ ಕುಟ್ಟಿದಳಲ್ಲ. ಬಟ್ಟಲೆಲ್ಲ ಬಿಸಿಲಿಗೆ ಇಟ್ಟಿದ್ದಾಗ ಒಂದು ದಿನ ಆ ಐದು ಬೀಜದ್ದನ್ನ ಎತ್ತಿ ಸೊಂಟದ ಮೇಲೆ ಇಟ್ಕೊಂಡು, ಹಿತ್ತಲಲ್ಲಿ ನಾಲ್ಕು ಹೆಜ್ಜೆ ಅನಸೂಯಮ್ಮನ ಹಾಗೇ ನಡೆದು ತೋರಿಸಿದಳು. ಇಬ್ಬರಿಗೂ ಹೊಟ್ಟೆ ಹಿಡ್ಕೊಳ್ಳೋ ಅಷ್ಟು ನಗು. ಆಮೇಲೆ ಮೆಲ್ಲಗೆ ಅದನ್ನ ಎಲ್ಲಿತ್ತೋ ಅಲ್ಲೇ ಇಟ್ಟು, ಮುದುರಿದ್ದ ಒದ್ದೆ ಬಟ್ಟೆ ತಗೊಂಡು ತನ್ನ ಬೆರಳ ಗುರುತು ಒರೆಸಿದಳು.

ಹಬ್ಬದ ದಿನ ಐದು ಬೀಜದ ಬಟ್ಟಲು ತುಂಬಾ ಎಳ್ಳು, ಕೊಬ್ಬರಿ, ಬೆಲ್ಲ, ಎರಡು ಸಕ್ಕರೆ ಅಚ್ಚು. ಎದುರಿಗೆ ಅನಸೂಯಮ್ಮ. ಶಿರಸ್ತೇದಾರ್ರ ಹೆಂಡತಿ ಜೊತೆ ಮಾತಾಡ್ತಾ, ನನ್ನ ಕಡೆ ತಿರುಗಿಯೂ ನೋಡದೆ ಒಂದು ಕೈ ಚಾಚಿದ್ರು. ನನಗೆ ಬೆರಳಿಗೆ ಐದು ಬೀಜಾನೂ ಸಿಕ್ತು ಕಣೇ. ಒಂದೊಂದೂ ಸಿಕ್ತು. ಚನ್ನರಾಯಪಟ್ಟಣವೂ ಕಣ್ಣೆದುರಿಗೇ ಇತ್ತು. ನಾನು ಆ ಕೈ ದಾಟಿಕೊಂಡು ಹೋದೆ. ಜಮಖಾನ ದಾಟಿ, ಚಾಪೆ ದಾಟಿ, ಹಿತ್ತಲ ಬಾಗಿಲಿಗೆ.

ಬೆಟ್ಟಮ್ಮ ಅಭ್ಯಾಸಕ್ಕೆ ಸೆರಗು ಹಿಡಿದಿದ್ದಳು. ನಾನು ಅದರ ಮೇಲೆ ಬಟ್ಟಲಿಟ್ಟೆ.

ಆಮೇಲೆ ತಿರುಗಿ ನೋಡಿದ್ರೆ ಎಲ್ಲರೂ ಇಂಗು ತಿಂದ ಮಂಗನ ಹಾಗೆ. ನಾನೂ ಹಾಗೇ ಇದ್ದಿರಬೇಕು. ಹೆದರಿಕೆ ಹತ್ತಿಕೊಳ್ತು. ಅಯ್ಯೋ, ಅದಲುಬದಲಾಯ್ತು, ಗುರುತೇ ಸಿಗಲಿಲ್ಲ ಅಂತ ಬಡಬಡಿಸಿದೆ. ಇಸ್ಕೊಂಡು ಕೊಡ್ತೀನಿ ಅಂದೆ. ಅನಸೂಯಮ್ಮ ಚಾಚಿದ ಕೈ ಹಿಂದಕ್ಕೆ ತಗೊಂಡು ಬಳೆ ಸರಿಮಾಡ್ಕೊಂಡ್ರು. ‘ಇರಲಿ ಬಿಡಿ. ಅವಳ ಕೈ ಸೋಕಿದ್ದು ನಮಗ್ಯಾಕೆ.’ ಆ ಗಲಿಬಿಲೀಲಿ ಬೆಟ್ಟಮ್ಮನಿಗೆ ಅಂತ ಮಾಡಿದ್ದ ಒಂದು ಬೀಜದ್ದು, ಲೋಟದ್ದು, ಯಾರದೋ ಕಾಲಡಿ ಸಿಕ್ಕಿ ಅಪ್ಪಚ್ಚಿಯಾಯ್ತು.

ಹೌದು, ನೀನು ಕಣ್ಣರಳಿಸ್ತೀಯ ಅಂತ ಗೊತ್ತಿತ್ತು. ಅಜ್ಜಿ ದೊಡ್ಡ ಸಾಹಸ ಮಾಡಿದಳು ಅಂತ. ಅದಕ್ಕೇ ಹೇಳಿರಲಿಲ್ಲ.

ಅವತ್ತೇ ಸಂಜೆ ಬೆಟ್ಟಮ್ಮ ನಮ್ಮನೆಗೆ ಬಂದಳು. ಖುಷಿಯಾಗಿರ್ತಾಳೆ ಅಂತ ನಾನು ಎದ್ದು ಹೋದೆ. ಒಳಗೆ ಬರಲಿಲ್ಲ. ಜಗಲಿ ಮೇಲೆ ಇದನ್ನ ಇಟ್ಟಳು, ಎಳ್ಳು ಒಂದು ಕಾಳೂ ಮುಟ್ಟಿರಲಿಲ್ಲ.

‘ಈ ಕುಕ್ಕೆ ನೀವೇ ಮಡಿಕಳಿ ಅಮ್ಮಾರೆ. ನಿಮ್ಗೆ ವರ್ಗ ಆಯ್ತದೆ, ಓಯ್ತೀರಿ. ನಾನು ನಾಳಿಕ್ಕೂ ಅದೇ ಬಾಗ್ಲಲ್ಲಿ ನಿಂತ್ಕಬೇಕು ಕಣಿ.’

ಮೆಟ್ಟಿಲಿಳಿದೋಳು ಮತ್ತೆ ತಿರುಗಿದಳು.

‘ನಂಗೆ ಆ ಲೋಟದ್ದೇ ಸಾಕಾಗಿತ್ತು. ಅದು ನಂದಾಗಿರೋದು.’

ಅಷ್ಟೇ. ಆಮೇಲೆ ನಮ್ಮ ಹಿತ್ತಲಿಗೆ ಬರಲಿಲ್ಲ. ಗಾಡಿಗೆ ಸಾಮಾನು ಏರಿಸೋ ದಿನ ಚೆನ್ನಯ್ಯ ಬಂದು ಹೊತ್ತುಕೊಟ್ಟ, ಅವಳು ಬರಲಿಲ್ಲ. ನಾನು ಕೊಡದ ಅಳತೇದನ್ನ ಅವಳಿಗೆ ಕೊಟ್ಟಿದ್ದೂ ಅನಸೂಯಮ್ಮನ ಬುದ್ಧಿಯೇ ನೋಡು. ದೊಡ್ಡದು, ಚಿಕ್ಕದು. ಯಾರದ್ದನ್ನ ಯಾರಿಗೆ ಅಂತ. ಅವಳನ್ನ ಒಂದು ಮಾತು ಕೇಳಲಿಲ್ಲ.

ಅದನ್ನ ಇಲ್ಲಿ ಕೊಡು, ನನ್ನ ಮಡಿಲಲ್ಲಿಡು.

ಕುಕ್ಕೆ. ಸಿಕ್ತು ನೋಡು. ಬುಟ್ಟಿ ಅಲ್ಲ, ಗೂಡೆ ಅಲ್ಲ. ಇಷ್ಟು ಹೊತ್ತೂ ಅದು ಅವಳ ಬಾಯಲ್ಲಿತ್ತು, ನಾನು ನನ್ನ ಬಾಯಲ್ಲಿ ಹುಡುಕ್ತಿದ್ದೆ. ಬಟ್ಟಲು ಅಂತ ಇರೋ ಕಡೆ ಎಲ್ಲ ತಿದ್ದು.

ನಿಮ್ಮ ಆಫೀಸಲ್ಲಿ ಚಹಾ ಲೋಟ ತೊಳೆಯೋಕೆ ಒಬ್ಬಳು ಬರ್ತಾಳೆ ಅಂದಿದ್ದೆಯಲ್ಲ, ಹೆಸರೇನು ಅವಳದು? ಗೊತ್ತಿಲ್ವಾ. ಇರಲಿ, ನಾಳೆ ಕೇಳ್ಕೊಂಡು ಬಾ. ಅವಳಿಗೆ ಇದು ಬೇಕಾ ಅಂತಾನೂ ಕೇಳು.

ಮೇಲೆ ಅಳತೆ ಅಂತ ಬರೆಸಿದೆನಲ್ಲ, ಕೊಡ, ಬಿಂದಿಗೆ, ಕುಕ್ಕರ್ರು. ಅದನ್ನ ಪೂರ್ತಿ ಹೊಡೆದುಹಾಕು. ಮ್ಯಾನೇಜರ್ ಹೆಂಡತಿ ಮುಖ ಊದಿಸ್ಕೊಂಡ್ರೆ ಊದಿಸ್ಕೊಳ್ಳಲಿ, ನಿನ್ನನ್ನ ಪಾವಗಡಕ್ಕಂತೂ ಕಳಿಸೋಕಾಗಲ್ಲ. ಹೊಡೆದೆಯಾ? ಹುಣಸೆಬೀಜದ ಸಾಲೂ ಹೊಡಿ. ಈಗ ಅದರ ಪಕ್ಕದಲ್ಲಿ ದುಂಡಗೆ ಬರಿ ಮಗಳೇ, ನನಗೆ ಕಾಣೋ ಹಾಗೆ. ಎಲ್ಲರಿಗೂ ಒಂದೇ ಚೊಂಬು.