ಬಾವಿಯೊಳಗಿನ ನಾಲ್ಕನೇ ಕ್ಯಾಮೆರಾ

ಇದು ಯಾರೋ ಕಟ್ಟಿದ ಕತೆಯಲ್ಲ, ನಮ್ಮ ಚಿಕ್ಕಮ್ಮನ ಮಗಳು ಸಂಪದಾಳಿಗೆ ಆದದ್ದು. ದೀಪ ಇರಲಿ, ಆರಿಸಬೇಡಿ.

ಯುಗಾದಿಗೆ ಇನ್ನೆರಡು ದಿನ ಇತ್ತು. ರಾತ್ರಿ ಒಂಬತ್ತು ದಾಟಿತ್ತು. ತಾರ್ನಾಕ ಬಡಾವಣೆಯ ಹಿಂದೆ, ರೈಲುಹಳಿಯ ಆಚೆ, ಒಂದು ಆಲದ ಮರ. ಅದನ್ನು ದಾಟಿದರೆ ಕಲ್ಲುಮೆಟ್ಟಿಲಿನ ಹಾಳುಬಾವಿ. ನೀರಿಲ್ಲ, ತಳದ ತುಂಬ ಒಣಗಿದ ಎಲೆ. ಬ್ಯಾಟರಿ ಹಿಡಿದು ಇಬ್ಬರು ಹೆಂಗಸರು ಅಲ್ಲಿಗೆ ಬಂದರು. ಒಬ್ಬಳು ಸಂಪದಾ, ಇನ್ನೊಬ್ಬಳು ಹನುಮಂತರಾಯನ ಹೆಂಡತಿ ಗೋದಾವರಿ. ಹನುಮಂತರಾಯ ಸತ್ತದ್ದು ಅದೇ ಬಾವಿಯಲ್ಲಿ... ಸಂಕ್ರಾಂತಿಯ ಮರುವಾರ.

ಸಂಪದಾ ಇಪ್ಪತ್ತು ವರ್ಷದಿಂದ ಕಾಡುಪ್ರಾಣಿಗಳ ಸಾಕ್ಷ್ಯಚಿತ್ರ ತೆಗೆಯುವವಳು. ಅದರಲ್ಲಿ ಹದಿನೈದು ವರ್ಷ ಹನುಮಂತರಾಯ ಜೊತೆಗಿದ್ದ. ಊರೊಳಗೇ ಬದುಕುವ ಪ್ರಾಣಿಗಳ ಮೇಲೆ ಚಿತ್ರ ಮಾಡುತ್ತಿದ್ದರು. ಆ ಬಾವಿಯಲ್ಲೊಂದು ಪುನುಗುಬೆಕ್ಕು ಇತ್ತು. ಕತ್ತಲಾದ ಮೇಲೆ ಎದುರಿಗೆ ಏನಾದರೂ ಅಲುಗಿದರೆ ತಾನೇ ಫೋಟೋ ಹೊಡೆಯುವ ತಮ್ಮ ನಾಲ್ಕನೇ ಕ್ಯಾಮೆರಾವನ್ನು ಬಾವಿಯ ಗೋಡೆಯ ಗೂಡಿನಲ್ಲಿ ಬಚ್ಚಿಟ್ಟಿದ್ದರು. ಅಂಥದ್ದನ್ನು ಇಟ್ಟ ಮೇಲೆ ಪರೀಕ್ಷೆ ಮಾಡಬೇಕು. ಯಾರಾದರೂ ಪ್ರಾಣಿಯ ಹಾಗೆ ನಾಲ್ಕು ಕಾಲಿನ ಮೇಲೆ ಅದರೆದುರು ಹರಿದಾಡಬೇಕು. ಅದು ಹನುಮಂತರಾಯನ ಕೆಲಸ. ಅಷ್ಟು ದೊಡ್ಡ ಹೊಟ್ಟೆ ಹೊತ್ತು ಅಂಬೆಗಾಲಿಟ್ಟು, ಕ್ಯಾಮೆರಾ ಎಷ್ಟನೆಯದೋ ಅಷ್ಟು ಬೆರಳೆತ್ತಿ ನಗುತ್ತಿದ್ದ. ಹಾಗಾಗಿ ಪ್ರತಿ ಕಾರ್ಡಿನ ಮೊದಲ ಫೋಟೋ ಅವನದೇ. ಮನೆಗೆ ಒಯ್ದು ತೋರಿಸಿದರೆ ಗೋದಾವರಿ, ನಮ್ಮನಿ ಹುಲಿ ಬಂತು, ಎಂದು ನಗುತ್ತಿದ್ದಳು.

ಅವನು ಸತ್ತ ದಿನ ಆ ಕ್ಯಾಮೆರಾದ ಸೆಲ್ಲೂ ಕಾರ್ಡೂ ಬದಲಿಸುವ ಪಾಳಿ ಸಂಪದಾಳದು. ಹಿಂದಿನ ಚಿತ್ರಕ್ಕೆ ಪ್ರಶಸ್ತಿ ಕೊಡುವ ಸಮಾರಂಭಕ್ಕೆ ತಾನು ಹೋಗಬೇಕೆಂದು ಬಾವಿಗೆ ಅವನನ್ನು ಕಳಿಸಿದಳು. ಕತ್ತಲಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದ. ಫೋನು ಮೇಲೆ ಚೀಲದಲ್ಲಿತ್ತು. ಸಿಕ್ಕಿದ್ದು ಬೆಳಿಗ್ಗೆ. ಎಷ್ಟು ಹೊತ್ತಿಗೆ ಜೀವ ಹೋಯಿತೆಂದು ಡಾಕ್ಟರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಗೂಡಿನ ಕ್ಯಾಮೆರಾ ಯಾರಿಗೂ ನೆನಪಾಗಲಿಲ್ಲ. ಸಂಪದಾಳಿಗೆ ನೆನಪಿತ್ತು. ಸುಮ್ಮನಿದ್ದಳು.

ಅವಳು ಅಳಲೂ ಇಲ್ಲ. ಸ್ಮಶಾನದಲ್ಲಿ ಶೂಟಿಂಗಿಗೆ ನಿಂತ ಹಾಗೆ ನಿಂತಿದ್ದಳು. ಉಣ್ಣು ಎಂದರೆ ಉಣ್ಣುತ್ತಿದ್ದಳು, ಮಲಗು ಎಂದರೆ ಮಲಗುತ್ತಿದ್ದಳು. ಕೊನೆಗೆ ಗೋದಾವರಿಯೇ ಬಂದು ಕೇಳಿದಳು.

"ಅಲ್ಲೊಂದು ಕ್ಯಾಮೆರಾ ಇತ್ತಲ್ಲ ತಂಗಿ. ಹನ್ನೊಂದು ಸಲ ಫೋನ್ ಮಾಡೀನಿ ಆ ರಾತ್ರಿ. ಬಿದ್ದಕೂಡ್ಲೆ ಹೋದರೋ... ಇಲ್ಲಾ ಬೆಳಗಾಗೂ ತನಕ ನಮ್ಮ ಹಾದಿ ನೋಡಿದರೋ... ಅದೊಂದು ಗೊತ್ತಾದ್ರ ಸಾಕು ನನಗ."

ಅದಕ್ಕೇ ಬಂದಿದ್ದರು. ಗೋದಾವರಿ ಮೇಲೆ ನಿಂತಳು. ಸಂಪದಾ ಇಳಿದಳು.

ಕ್ಯಾಮೆರಾ ಗೂಡಿನಲ್ಲೇ ಇತ್ತು, ಇನ್ನೂ ಜೀವಂತ. ಪುಟ್ಟ ಪರದೆಯಲ್ಲಿ ನೋಡಿದಳು. ಮೊದಲನೆಯದು ಹನುಮಂತರಾಯ, ಅಂಬೆಗಾಲಲ್ಲಿ, ನಾಲ್ಕು ಬೆರಳು. ಎರಡನೆಯದರಲ್ಲಿ ಬಿದ್ದಿದ್ದ. ಮೂರನೆಯದರಲ್ಲಿ ಕೈ ಅಲುಗಿತ್ತು... ಆಮೇಲೆ ತಲೆ... ಆಮೇಲೆ ಮತ್ತೆ ಕೈ. ಒಟ್ಟು ನಲವತ್ತೊಂದು. ಕೊನೆಯದು ಬೆಳಗಿನ ಜಾವ ಮೂರು ಇಪ್ಪತ್ತಾರಕ್ಕೆ. ಆಮೇಲೆ ಪುನುಗುಬೆಕ್ಕೂ ಆ ಕಡೆ ಸುಳಿದಿರಲಿಲ್ಲ. ಎಲ್ಲದರಲ್ಲೂ ಮುಖ ಕ್ಯಾಮೆರಾದ ಕಡೆಗೇ ಇತ್ತು.

ಒಂದೂ ಬಿಡದೆ ನೋಡಿದಳು. ಒಳಗೆ ಏನೂ ಆಗಲಿಲ್ಲ. ಹೆಬ್ಬೆರಳು ತಾನಾಗಿಯೇ ಎಲ್ಲವನ್ನೂ ಅಳಿಸುವ ಗುಂಡಿ ಒತ್ತಿತು. ಪೀಂ... ಕಾರ್ಡು ಖಾಲಿ. ವರ್ಷಗಳ ರೂಢಿ ನೋಡಿ, ಕ್ಯಾಮೆರಾ ಚಾಲೂ ಮಾಡಿ ಮತ್ತೆ ಗೂಡಿಗಿಟ್ಟು ಹತ್ತತೊಡಗಿದಳು. ಎಂಟು ಮೆಟ್ಟಿಲು ಹತ್ತಿರಬೇಕು.

ಚರ್...

ಹಿಂದೆ, ಒಣಗಿದ ಎಲೆಯ ಮೇಲೆ.

ಚರ್... ಚರ್... ಎರಡು ಅಂಗೈ, ಎರಡು ಮೊಣಕಾಲು. ಹದಿನೈದು ವರ್ಷ ಕೇಳಿದ ಸದ್ದು.

ಟಕ್.

ಕ್ಯಾಮೆರಾ ಫೋಟೋ ಹೊಡೆದಿತ್ತು. ಸಂಪದಾ ನಿಂತಳು. ತಿರುಗಿ ಬ್ಯಾಟರಿ ಬಿಟ್ಟಳು. ಯಾರೂ ಇಲ್ಲ. ಇಳಿದು, ಕ್ಯಾಮೆರಾ ಆರಿಸಿ, ಚೀಲಕ್ಕೆ ಹಾಕಿಕೊಂಡು ಮೇಲೆ ಬಂದಳು.

"ಯಾರರೆ ಇದ್ದರೇನು ಕೆಳಗ?" ಗೋದಾವರಿ ಪಿಸುಗುಟ್ಟಿದಳು.

"ಯಾರೂ ಇಲ್ರಿ ವೈನಿ."

ಆಲದ ಮರದ ಹತ್ತಿರ ಬಂದಾಗ ಸಂಪದಾ ಸುಳ್ಳು ಹೇಳಿದಳು. "ಒಮ್ಮೆಗೇ ಹೋಗ್ಯಾರ್ರಿ. ತ್ರಾಸ ಆಗಿಲ್ಲ. ಅವರು ಬಿದ್ದಮ್ಯಾಲೆ ಒಂದು ಫೋಟೋನೂ ಇಲ್ಲ."

ಗೋದಾವರಿ ಅಲ್ಲೇ ಬೇರಿನ ಮೇಲೆ ಕೂತು ಅತ್ತಳು. ಎದೆಯ ಕಲ್ಲು ಇಳಿದವರ ಅಳು ಅದು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೊದಲನೇ ಫೋಟೋ ಅವರದ ಇರ್ತೈತಲ್ಲ. ಅದನ್ನ ತೋರಿಸು. ಕಡೀ ಸಲ ನಕ್ಕಿದ್ದು ನೋಡ್ತೀನಿ."

ಆಗ ಹೊಳೆಯಿತು ಸಂಪದಾಳಿಗೆ. ಎಲ್ಲ ಅಳಿಸುವಾಗ ಅದನ್ನೂ ಅಳಿಸಿದ್ದಳು. ಖಾಲಿ ಕಾರ್ಡು ನೋಡಿದರೆ ಗೋದಾವರಿಗೆ ತಿಳಿಯದೇ ಇರುತ್ತದೆಯೇ? ಮೊದಲನೆಯದೂ ಇಲ್ಲ ಎಂದರೆ ಯಾರೋ ಅಳಿಸಿದ್ದಾರೆ. ಅಳಿಸಿದ್ದಾರೆ ಎಂದರೆ ನೋಡಬಾರದ್ದು ಇತ್ತು. ಮನೆಗೆ ಹೋಗಿ ನೋಡೋಣ ಎಂದಷ್ಟೇ ಹೇಳಿದಳು.

ಕಾರ್ಡು ಕೆಟ್ಟಿದೆ ಎಂದುಬಿಡೋಣ ಎಂದುಕೊಂಡೇ ಕಂಪ್ಯೂಟರಿಗೆ ಹಾಕಿದಳು. ಗೋದಾವರಿ ಪಕ್ಕದಲ್ಲೇ ಕೂತಿದ್ದಳು.

ಒಂದು ಫೋಟೋ ಇತ್ತು.

ಹನುಮಂತರಾಯ. ಅಂಬೆಗಾಲಲ್ಲಿ. ನಾಲ್ಕು ಬೆರಳೆತ್ತಿ ನಗುತ್ತಿದ್ದ.

"ಹೆಂಗ ನಗಾಕತ್ತಾರ ನೋಡು," ಎಂದಳು ಗೋದಾವರಿ. ಪರದೆಯ ಮೇಲೆ ಅಂಗೈ ಇಟ್ಟಳು.

ಫೋಟೋದ ಕೆಳಗೆ ತಾರೀಕು ಬಿದ್ದಿರುತ್ತದಲ್ಲ. ಸಂಪದಾ ಅದನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಳು. ಅದು ಅವನು ಸತ್ತ ದಿನದ್ದಲ್ಲ, ಇವರಿಬ್ಬರೂ ಬಾವಿಗೆ ಹೋಗಿ ಬಂದ ಅದೇ ರಾತ್ರಿಯ ತಾರೀಕು, ಒಂಬತ್ತು ಇಪ್ಪತ್ತೊಂದು. ಆಗ ಅತ್ತಳಂತೆ, ಎರಡೂವರೆ ತಿಂಗಳಾದ ಮೇಲೆ.

ತಾರೀಕು ಕತ್ತರಿಸಿ ಆ ಫೋಟೋಕ್ಕೆ ಕಟ್ಟು ಹಾಕಿಸಿದ್ದಾರೆ. ಗೋದಾವರಿಯ ಪಡಸಾಲೆಯಲ್ಲಿದೆ, ನಾನೇ ಕಣ್ಣಾರೆ ನೋಡಿದ್ದೇನೆ. ನಂಬದವರು ಹೋಗಿ ನೋಡಬಹುದು, ಚಹಾ ಕೊಟ್ಟು ತೋರಿಸುತ್ತಾರೆ. ಹನುಮಂತರಾಯನ ಹಿಂದೆ, ಬಲಗಡೆ ಮೂಲೆಯಲ್ಲಿ, ಎಂಟನೇ ಮೆಟ್ಟಿಲ ಮೇಲೆ ಯಾರದೋ ಹಿಮ್ಮಡಿ ಕಾಣುತ್ತದೆ. ಹಸಿರು ಚಪ್ಪಲಿ. ಆ ಚಪ್ಪಲಿಯನ್ನು ಸಂಪದಾ ಮೆಹದಿಪಟ್ಟಣಂ ಪೇಟೆಯಲ್ಲಿ ಕೊಂಡದ್ದು ಶಿವರಾತ್ರಿಗೆ. ಜೊತೆಗೆ ನಾನೂ ಇದ್ದೆ.