ಕಿವಿಗೆ ಇಡುವ ಹತ್ತಿ

೧೯೭೨. ತಿರುವನಂತಪುರದ ವಿಮಾನ ನಿಲ್ದಾಣ. ಕನ್ನಡ ಕೇಳಿದರೆ ಈ ಊರಿನಲ್ಲಿ ನನ್ನ ಕತ್ತು ತಾನಾಗಿ ತಿರುಗುತ್ತದೆ. ಮದರಾಸಿನ ವಿಮಾನಕ್ಕೆ ಕಾಯುತ್ತಿದ್ದ ತಾಯಿಯೊಬ್ಬಳು ಮಡಿಲಿನ ಕೂಸಿನ ಕಿವಿಗೆ ಹತ್ತಿ ಇಡುತ್ತಿದ್ದಳು. ಪಕ್ಕದಲ್ಲಿ ಐದು ವರ್ಷದ ಮಗಳು.

"ಹತ್ತಿ ಯಾಕಮ್ಮ?"

"ವಿಮಾನ ಮೇಲೆ ಹೋಗುವಾಗ ಕಿವಿ ನೋಯುತ್ತೆ. ಬಾ, ನಿಂಗೂ ಇಡ್ತೀನಿ."

"ಮೊನ್ನೆ ಅಪ್ಪಂಗೂ ಇಟ್ಟಿದ್ರು. ಮೂಗಿಗೆ."

ತಾಯಿ ಕೂಸಿನ ಟೊಪ್ಪಿ ಸರಿಮಾಡಿದಳು.

"ಅಪ್ಪ ಹೋಗಿದ್ದೂ ವಿಮಾನದಲ್ಲೇನಾ?"

"ಹೂಂ."

"ನಾವೂ ಅಲ್ಲಿಗೇ ಹೋಗೋದಾ?"

"ಇಲ್ಲ ರತ್ನಾ. ನಾವು ಅಜ್ಜಿ ಮನೆಗೆ."

ಹುಡುಗಿ ತಾಯಿಯತ್ತ ಮುಖ ಮೇಲೆತ್ತಿದಳು.

"ಹಾಗಾದ್ರೆ ನಂಗೂ ಮೂಗಿಗೇ ಇಡು."

ವಿಮಾನ ಹತ್ತಲು ಕರೆದರು. ಉಳಿದ ಹತ್ತಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ತಾಯಿ ಎದ್ದಳು. ಹುಡುಗಿ ಮುಖ ಮೇಲೆತ್ತಿಕೊಂಡೇ ಹಿಂದೆ ನಡೆದಳು.