ರಾಟೆಗೆ ಬಿಟ್ಟ ಎಣ್ಣೆ

ದೆವ್ವದ ಎದುರು ಕೂತು ಇಸ್ಪೀಟಾಡಿ ಗೆದ್ದವನು ಈ ಊರಿನಲ್ಲಿ ನಾನೊಬ್ಬನೇ. ...ಆಯ್ತು, ಹಾಗೆ ನೋಡಬೇಡಿ. ಸುಳ್ಳು. ಇಸ್ಪೀಟಿನಲ್ಲಿ ನಾನು ಹೆಂಡತಿಯ ಎದುರೇ ಗೆದ್ದಿಲ್ಲ. ಆದರೆ ಈಗ ಹೇಳುವುದು ನಿಜ, ಯಾಕೆಂದರೆ ಇದು ನನಗಾದದ್ದಲ್ಲ. ನಮ್ಮ ಚಿಕ್ಕಪ್ಪನ ಮಗನಿಗಾದದ್ದು. ಅವನಿಗೆ ಸುಳ್ಳು ಹೇಳುವಷ್ಟು ಬುದ್ಧಿ ಇಲ್ಲ.

ಎಲ್ಲರೂ ಅವನನ್ನು ಎಣ್ಣೆಡಬ್ಬಿ ಅನ್ನುತ್ತಾರೆ. ನಗಬೇಡಿ, ನೀವಂದುಕೊಂಡ ಎಣ್ಣೆಯಲ್ಲ. ಹೊಲಿಗೆ ಮೆಷಿನ್ ರಿಪೇರಿ ಅವನ ಕಸುಬು. ಉದ್ದ ಮೂತಿಯ ಪುಟ್ಟ ಡಬ್ಬಿ ಯಾವಾಗಲೂ ಜೇಬಿನಲ್ಲಿ. ಕಬ್ಬಿಣ ಅತ್ತರೆ ಮೊದಲು ಎಣ್ಣೆ ಬಿಡು, ಯಾರದು ಏನು ಅಂತ ಆಮೇಲೆ ಕೇಳು... ಕೆಲಸ ಕಲಿಸಿದ ಮೇಸ್ತ್ರಿ ಅವನ ತಲೆಗೆ ತುಂಬಿದ್ದು ಇಷ್ಟೇ. ನೆಂಟರ ಮನೆಗೆ ಹೋದರೂ ಬಾಗಿಲ ತಿರುಗಣಿಗೆ ಎರಡು ಹನಿ ಬಿಟ್ಟೇ ಊಟಕ್ಕೆ ಕೂರುವ ಆಸಾಮಿ.

ಆ ರಾತ್ರಿ ಅವನ ಪುಟ್ಟ ಮಗಳು ಜ್ವರದಲ್ಲಿ ಬೇಯುತ್ತಿದ್ದಳು. ಬಾಯಿಗೆ ಬಿಟ್ಟ ನೀರು ಕಟವಾಯಿಯಿಂದ ಹಾಗೇ ಇಳಿದು ಹೋಗುತ್ತಿತ್ತು. "ಬೆಳಗಾಗೋದ್ರೊಳಗೆ ನಾಲ್ಕು ಗುಟುಕಾದ್ರೂ ಒಳಗೆ ಹೋಗ್ಬೇಕು. ಇಲ್ದಿದ್ರೆ ನನ್ನ ಕೈಲಿಲ್ಲ," ಅಂದಿದ್ದರು ಡಾಕ್ಟರು. ಹೆಂಡತಿಯನ್ನು ಮಗುವಿನ ಪಕ್ಕ ಕೂರಿಸಿ ಇವನು ಔಷಧಿಗೆ ಓಡಿದ. ಅಂಗಡಿಯವನು ಶಟರ್ ಅರ್ಧ ಎಳೆದಿದ್ದ.

"ಬಾವಿ ದಾರೀಲಿ ಹೋಗ್ಬೇಡ್ವೋ."

"ಅದೇ ಹತ್ರ."

"ರಾಟೆ ಕೂಗಿದ ರಾತ್ರಿ ಯಾವ್ದೋ ಮನೇಲಿ ಒಂದು ಕೂಸು..."

"ಬಾಯಿ ಮುಚ್ಚೋ. ಚಿಲ್ಲರೆ ಕೊಡು."

ಬೈದ, ನಿಜ. ಆದರೆ ಕೊಟ್ಟ ಚಿಲ್ಲರೆ ಎಣಿಸದೆಯೇ ಬಾವಿ ದಾರಿ ಹಿಡಿದ. ಆ ಬಾವಿ ಬತ್ತಿ ಯಾವ ಕಾಲವಾಯಿತೋ. ಬಾಯಿಗೆ ಕಬ್ಬಿಣದ ಸರಳು ಹಾಕಿದ್ದಾರೆ. ಹಗ್ಗವಿಲ್ಲ, ಕೊಡವಿಲ್ಲ. ಎರಡು ಕಲ್ಲುಕಂಬ, ಒಂದು ಅಡ್ಡತೊಲೆ, ಅದರಲ್ಲಿ ತುಕ್ಕು ಹಿಡಿದ ರಾಟೆ. ಅಷ್ಟೇ.

ಮೊದಲು ಅವನ ಚಪ್ಪಲಿಯ ಸದ್ದು. ಚರಕ್... ಚರಕ್... ಆಮೇಲೆ ಇನ್ನೊಂದು.

ಕಿರ್‍ರ್...

ನಿಂತ.

ಕಿರ್‍ರ್... ಕಿರ್‍ರ್... ಟಣ್.

ಕೊಡ ಕಲ್ಲಿಗೆ ತಗುಲಿದ ಸದ್ದು. ಇಲ್ಲದ ಕೊಡ!

ನೋಡಬೇಡ, ನಡಿ, ಅಂದಿತು ಒಳಮನಸ್ಸು. ನಡೆದ. ಬೆನ್ನ ಹಿಂದೆ ಮತ್ತೆ ಕಿರ್‍ರ್... ನಡುವೆ ಒಂದು ಏದುಸಿರು. ಎಳೆಯುವುದು... ನಿಲ್ಲುವುದು... ಮತ್ತೆ ಎಳೆಯುವುದು. ಯಾರೋ ಸೋತು ಸುಣ್ಣವಾದವರು. ಬಿಟ್ಟು ಹೋಗುವ ಹಾಗಿಲ್ಲದವರು.

ಕಾಲು ಮನೆ ಕಡೆ ಎಳೆಯಿತು. ಕೈ ಜೇಬಿಗೆ ಹೋಯಿತು.

ಹಾಳಾದ ಅಭ್ಯಾಸ! ತಿರುಗಿ ಬಂದು ಕಣ್ಣು ಮುಚ್ಚಿಕೊಂಡೇ ಕಟ್ಟೆ ಹತ್ತಿದ. ತಡಕಿದ. ರಾಟೆ ಸಿಕ್ಕಿತು. ಚಳಿಯ ರಾತ್ರಿ, ಕಬ್ಬಿಣ ಮಂಜಿನ ಹಾಗಿರಬೇಕಿತ್ತು. ಬೆಚ್ಚಗಿತ್ತು. ಅಚ್ಚಿಗೆ ಎಣ್ಣೆ ಬಿಟ್ಟ. ಟಿಕ್... ಟಿಕ್...

ಸದ್ದು ನಿಂತಿತು. ಬೆರಳ ಕೆಳಗೆ ರಾಟೆ ಮಾತ್ರ ತಿರುಗುತ್ತಲೇ ಇತ್ತು.

"ಸದ್ಯ..." ಕಿವಿಯ ಪಕ್ಕದಲ್ಲೇ.

"ಯಾ... ಯಾರು?"

"ಈ ಸದ್ದಿಗೆ ಮಗು ಬೆಚ್ಚಿ ಬೀಳ್ತಿತ್ತು."

"ಯಾರ ಮಗು?"

ರಾಟೆ ಇನ್ನೊಂದು ಸುತ್ತು ತಿರುಗಿತು.

"ನಿಂದೇ."

ಓಡಿದ ಓಟಕ್ಕೆ ಒಂದು ಚಪ್ಪಲಿ ಅಲ್ಲೇ ಬಿತ್ತು. ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಪಿಟ್ಟೆನ್ನುವ ಸದ್ದಿಲ್ಲ. ಹೊಸ್ತಿಲು ದಾಟಿದ. ಹೆಂಡತಿ ತುಟಿಯ ಮೇಲೆ ಬೆರಳಿಟ್ಟುಕೊಂಡು ಬಂದಳು.

"ಮೆಲ್ಲಗೆ ರೀ... ಈಗ ನಿದ್ದೆ ಹತ್ತಿದೆ. ಲೋಟ ಪೂರ್ತಿ ಕುಡಿದ್ಲು. ಗಟಗಟ ಅಂತ."

"ಯಾರು ಕುಡಿಸಿದ್ದು?"

"ನೀವು ಕಳಿಸಿದ್ರಲ್ಲ, ಆ ಅಜ್ಜಿ. ಪಾಪ, ಅಂಗೈ ತುಂಬಾ ಬೊಬ್ಬೆ. ಕೂತ್ಕೊಳ್ಳಿ ಅಂದೆ... ಇನ್ನೂ ಮನೆಗಳಿವೆ ಅಂತ ಹೊರಟೇ ಹೋದ್ರು."

ಮಗುವನ್ನು ಮುಟ್ಟಲು ಅವನಿಗೆ ಧೈರ್ಯವಾಗಲಿಲ್ಲ. ದೀಪ ಹತ್ತಿರ ತಂದ. ಎದೆ ಏರಿ ಇಳಿಯುತ್ತಿತ್ತು. ತುಟಿ ಒದ್ದೆ. ಹಣೆಯ ಮೇಲೆ, ಜ್ವರ ಮುಟ್ಟಿ ನೋಡುವ ಜಾಗದಲ್ಲಿ, ಒಂದೇ ಒಂದು ಬೆರಳಿನ ಗುರುತು. ಕಪ್ಪಗೆ, ಮಿರಮಿರ. ಬಗ್ಗಿ ಮೂಸಿದ.

ಮೆಷಿನ್ ಎಣ್ಣೆ.

ಅದೇ ರಾತ್ರಿ ಹಿಂದಿನ ಬೀದಿಯಲ್ಲಿ ಒಂದು ಕೂಸು ಉಳಿಯಲಿಲ್ಲ. ಆಕೆ ಹೋಗಿದ್ದಕ್ಕೇ ಹಾಗಾಯಿತೋ, ಆಕೆ ತಲುಪುವಷ್ಟರಲ್ಲಿ ಹೊತ್ತು ಮೀರಿತ್ತೋ... ಅಂಗಡಿಯವನು ಮೊದಲನೆಯದನ್ನೇ ನಂಬುತ್ತಾನೆ. ನಮ್ಮ ಎಣ್ಣೆಡಬ್ಬಿ ನಂಬುವುದು ಎರಡನೆಯದನ್ನು. ದಿನಾ ಕೆಲಸ ಮುಗಿಸಿ ರಾಟೆಗೆ ಎಣ್ಣೆ ಬಿಟ್ಟೇ ಮನೆಗೆ ಹೋಗುತ್ತಾನೆ. ಬತ್ತಿದ ಬಾವಿಗೆ ಬೆಣ್ಣೆ ಹಚ್ಚೋನು ಅಂತ ಜನ ಆಡಿಕೊಳ್ಳುತ್ತಾರೆ. "ಆಡ್ಕೊಳ್ಳಿ ಬಿಡಣ್ಣ," ಅನ್ನುತ್ತಾನೆ. "ಒಬ್ಳೇ ಎಳೀಬೇಕು. ನನ್ನ ಕೈಲಿ ಆಗೋದು ಇಷ್ಟೇ. ಬೇಗ ತಲುಪಲಿ." ದೇವರ ಮುಂದೆ ಕೂಡ ಅವನು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ನಂಬುವುದಿಲ್ಲವೇ? ನನ್ನಾಣೆ... ಬೇಡ, ನನ್ನ ಆಣೆಗೆ ಬೆಲೆ ಇಲ್ಲ, ಅವನಾಣೆ, ನಡೆದದ್ದು. ನೀವು ಬಾವಿ ದಾರಿಯಲ್ಲೇ ತಾನೆ ಹೋಗುವುದು? ಈಗ ಸದ್ದೇನೂ ಕೇಳಿಸುವುದಿಲ್ಲ. ತಿರುಗುತ್ತಿದೆಯೋ ಇಲ್ಲವೋ ಗೊತ್ತಾಗುವುದೂ ಇಲ್ಲ. ಬೇಕಾದರೆ ಕಟ್ಟೆ ಹತ್ತಿ ಮುಟ್ಟಿ ನೋಡಿ. ಬೆಚ್ಚಗೇ ಇರುತ್ತದೆ.

ಮಾತಾಡಿ ಮಾತಾಡಿ ನನ್ನ ಟೀ ಮಾತ್ರ ತಣ್ಣಗಾಯಿತು ನೋಡಿ. ಇದರ ದುಡ್ಡು ನೀವೇ ಕೊಟ್ಟುಬಿಡಿ.